ನೀರು ಬರುವ ಹೊತ್ತಿಗೆ ನೆಲ ಹೋದರೆ?



ಸೇಲಂ ದಾಟಿ ಕೊಯಮತ್ತೂರಿಗೆ ಹೋಗುವ ಹೆದ್ದಾರಿಯಲ್ಲಿ ಅವಿನಾಶಿ ಎಂಬ ಊರು ಸಿಗುತ್ತದೆ. ಪಶ್ಚಿಮ ಘಟ್ಟದ ಮಳೆನೆರಳಿನ ಸೀಮೆ ಅದು. ಮಳೆ ಕಡಿಮೆ, ಕೆರೆಗಳು ಬತ್ತಿರುತ್ತಿದ್ದವು, ಬೋರ್‌ವೆಲ್ ಆಳಕ್ಕೆ ಇಳಿಯುತ್ತಲೇ ಇತ್ತು. ನೀಲಗಿರಿಯಿಂದ ಹರಿದು ಬರುವ ಭವಾನಿ ನದಿಯ ಹೆಚ್ಚುವರಿ ನೀರನ್ನು ನಮ್ಮ ಕೆರೆಗಳಿಗೆ ಕೊಡಿ ಎಂದು ಅಲ್ಲಿನ ರೈತರು 60 ವರ್ಷ ಕೇಳಿದರು. ಅದೇ ಅತ್ತಿಕಡವು–ಅವಿನಾಶಿ ಯೋಜನೆ.

2019ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾಯಿತು. ಕಾಳಿಂಗರಾಯನ್ ಅಣೆಕಟ್ಟೆಯ ಕೆಳಗಿನಿಂದ 1.5 ಟಿಎಂಸಿ ನೀರನ್ನು ಪಂಪ್ ಮಾಡಿ, ಈರೋಡ್, ತಿರುಪ್ಪೂರು, ಕೊಯಮತ್ತೂರು ಜಿಲ್ಲೆಗಳ 1,045 ಕೆರೆ–ಕುಂಟೆಗಳಿಗೆ ತುಂಬಿಸುವುದು ಇದರ ಉದ್ದೇಶ. ಕೆರೆ ತುಂಬಿದರೆ ಸುತ್ತಲಿನ ಬಾವಿಗಳಿಗೂ ನೀರು ಇಳಿಯುತ್ತದೆ.

ಆ ಕೆಲಸ ನಡೆಯುತ್ತಿದ್ದಾಗಲೇ, 2021ರಲ್ಲಿ, ಇನ್ನೊಂದು ಸರ್ಕಾರಿ ಆದೇಶ ಬಂತು. ಅವಿನಾಶಿಯ ಪಶ್ಚಿಮಕ್ಕಿರುವ ಅನ್ನೂರು ಮತ್ತು ಮೇಟ್ಟುಪಾಳಯಂ ತಾಲ್ಲೂಕುಗಳಲ್ಲಿ ಕೈಗಾರಿಕಾ ಪಾರ್ಕ್‌ಗೆ ಸುಮಾರು 3,800 ಎಕರೆ ಬೇಕು! ಒಂದು ಕೈ ನೀರು ಕೊಡುವಾಗ ಇನ್ನೊಂದು ಕೈ ನೆಲ ಕೇಳಿತು. ರೈತರು ಬೀದಿಗಿಳಿದರು. 2022ರ ಡಿಸೆಂಬರ್‌ನಲ್ಲಿ ಸರ್ಕಾರ ಹಿಂದೆ ಸರಿಯಿತು: ಖಾಸಗಿ ಕಂಪನಿಯ ಬಳಿ ಇರುವ ಸುಮಾರು 1,630 ಎಕರೆಯಷ್ಟೇ ಸಾಕು, ರೈತರ ಜಮೀನನ್ನು ಬಲವಂತವಾಗಿ ತೆಗೆದುಕೊಳ್ಳುವುದಿಲ್ಲ ಎಂದಿತು. 2024ರ ಆಗಸ್ಟ್ 17ರಂದು ನೀರಿನ ಯೋಜನೆ ಉದ್ಘಾಟನೆಯಾಯಿತು.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಬಿಎಸ್ಸಿ ಮುಗಿಸಿದ ನನ್ನಂಥವರಿಗೆ ಕೆಲಸ ಬೇಕು. ಕಾರ್ಖಾನೆಯೇ ಬೇಡ ಎನ್ನುವುದು ನನಗೆ ಸುಲಭವಲ್ಲ. ಆದರೆ ಪಕ್ಕದ ತಿರುಪ್ಪೂರನ್ನು ನೋಡಿ. ಬನಿಯನ್ ಉದ್ಯಮ ಲಕ್ಷಾಂತರ ಜನರಿಗೆ ಅನ್ನ ಕೊಟ್ಟಿತು. ಅದರ ಡೈಯಿಂಗ್ ಘಟಕಗಳ ನೀರು ನೊಯ್ಯಲ್ ನದಿಯನ್ನು ಕೆಡಿಸಿತು, ಕೆಳಗಿನ ರೈತರ ಹೊಲಗಳು ಹಾಳಾದವು. ಕೊನೆಗೆ 2011ರಲ್ಲಿ ಮದ್ರಾಸ್ ಹೈಕೋರ್ಟ್ ಆ ಘಟಕಗಳನ್ನು ಮುಚ್ಚಿಸಬೇಕಾಯಿತು. ಆಗ ಕೆಲಸಗಾರರೂ ಕಷ್ಟಪಟ್ಟರು. ಅನ್ನೂರಿನವರ ಭಯಕ್ಕೆ ಕಾರಣ ಕಣ್ಣೆದುರೇ ಇತ್ತು.

ನಾಬೋತನ ದ್ರಾಕ್ಷಿತೋಟದ ಕಥೆ ನಮಗೆಲ್ಲ ಗೊತ್ತು. ಅರಸ ಅಹಾಬ ಒಳ್ಳೆಯ ಬೆಲೆಯನ್ನೇ ಕೊಡುತ್ತೇನೆಂದ. ಅವನ ತಪ್ಪು ಕೇಳಿದ್ದರಲ್ಲಿರಲಿಲ್ಲ. 'ಇಲ್ಲ' ಎಂಬ ಉತ್ತರವನ್ನು ಒಪ್ಪಿಕೊಳ್ಳಲಾರದೆ ಹೋದದ್ದರಲ್ಲಿತ್ತು. ಅನ್ನೂರಿನಲ್ಲಿ ಆ ಉತ್ತರಕ್ಕೆ ಕೊನೆಗೂ ಬೆಲೆ ಸಿಕ್ಕಿತು.

ನಮ್ಮೂರಿಗೂ ಇಂಥ ಆದೇಶ ಬರಬಹುದು. ಆಗ ಗ್ರಾಮಸಭೆಗೆ ಹೋಗಿ, ಎಷ್ಟು ಎಕರೆ, ಎಷ್ಟು ಕೆಲಸ, ಕೊಳಚೆನೀರು ಎಲ್ಲಿಗೆ ಎಂದು ಮೊದಲೇ ಕೇಳೋಣ. ಈ ಭಾನುವಾರ ಪೂಜೆಯ ನಂತರ ಮನೆಯ ಹಿರಿಯರನ್ನೂ ಕೇಳಿ ನೋಡಿ: ನಮ್ಮ ಕೆರೆ ಕೊನೆಯ ಸಲ ತುಂಬಿದ್ದು ಯಾವಾಗ?