ಇಟಲಿಯ ಬೆಟ್ಟದೂರುಗಳಲ್ಲಿ ಬಿಡುವಿನ ವೇಳೆ

ಮಧ್ಯ ಇಟಲಿಯ ಟಸ್ಕನಿ, ಉಂಬ್ರಿಯ, ಮಾರ್ಕೆ ಮತ್ತು ಲಾತ್ಸಿಯೊ ಪ್ರಾಂತ್ಯಗಳಲ್ಲಿ ಗುಡ್ಡದ ನೆತ್ತಿಯ ಮೇಲೆ ಕೋಟೆಗೋಡೆಯೊಳಗೆ ಬೆಳೆದ ಹಳೆಯ ಊರುಗಳು ಬಹಳ. ಸಿಯೆನಾ, ಪೆರೂಜಾ, ಒರ್ವಿಯೆತೊ, ಅಸ್ಸೀಸಿ, ಗುಬ್ಬಿಯೊ, ಸಾನ್ ಜಿಮಿನ್ಯಾನೊ, ಮೊಂತೆಪುಲ್ಚಿಯಾನೊ, ಪಿಯೆಂತ್ಸಾ ಇವುಗಳಲ್ಲಿ ಹೆಸರಾದವು. ಕೆಲವಕ್ಕೆ ಎಟ್ರಸ್ಕನ್ನರ ಕಾಲದ ಬುನಾದಿಯಿದೆ. ಹೆಚ್ಚಿನವು ಈಗ ಕಾಣುವ ರೂಪ ಪಡೆದದ್ದು ಮಧ್ಯಯುಗದಲ್ಲಿ. ಕೆಳಗಿನ ದಾರಿಯಲ್ಲಿ ದಂಡು ಬರುವ ಭಯ, ಕೆಳಗಿನ ಜೌಗಿನಲ್ಲಿ ಮಲೇರಿಯಾದ ಕಾಟ, ಈ ಎರಡೂ ಜನರನ್ನು ಮೇಲಕ್ಕೆ ಹತ್ತಿಸಿದವು. ನೋಟದ ಸೊಗಸಿಗೆಂದು ಯಾರೂ ಅಲ್ಲಿ ಮನೆ ಕಟ್ಟಲಿಲ್ಲ. ಗೋಡೆಯೊಳಗಿನ ಜಾಗ ಇಕ್ಕಟ್ಟಾದ್ದರಿಂದ ಮನೆಗೆ ಮನೆ ಒತ್ತಿಕೊಂಡಿತು. ಅಂಗಳವೂ ಹಿತ್ತಿಲೂ ಇಲ್ಲದ ಮನೆಗಳವರು ಕೂರಲು, ಹರಟಲು, ಆಡಲು ಊರ ಚೌಕಕ್ಕೇ ಬರಬೇಕಾಯಿತು. ಪಿಯಾತ್ಸಾ ಎಂದು ಕರೆಯುವ ಈ ಚೌಕ ಇಂದಿಗೂ ಊರಿನ ನಡುಮನೆ.

ಇಲ್ಲಿ ಬಿಡುವಿಗೆ ಗೊತ್ತಾದ ಹೊತ್ತಿದೆ. ಮಧ್ಯಾಹ್ನ ಒಂದರ ಸುಮಾರಿಗೆ ಅಂಗಡಿಗಳ ಬಾಗಿಲು ಬೀಳುತ್ತದೆ. ಮತ್ತೆ ತೆರೆಯುವುದು ಮೂರೂವರೆ ನಾಲ್ಕರ ಮೇಲೆ. ಈ ವಿರಾಮಕ್ಕೆ ರಿಪೋಸೊ ಎಂದು ಹೆಸರು. ಸಣ್ಣ ಚರ್ಚುಗಳು ಕೂಡ ಆಗ ಬೀಗ ಹಾಕಿಕೊಂಡಿರುತ್ತವೆ. ಹಲವು ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆ. ದೊಡ್ಡ ನಗರಗಳಲ್ಲಿ ಸಡಿಲವಾಗಿರುವ ಮಧ್ಯಾಹ್ನದ ಈ ಕಟ್ಟು ಸಣ್ಣ ಊರುಗಳಲ್ಲಿ ಉಳಿದುಬಂದಿದೆ. ಹೀಗಾಗಿ ಹನ್ನೆರಡಕ್ಕೆ ಬಸ್ಸಿಳಿದು ನಾಲ್ಕಕ್ಕೆ ಹೊರಡುವ ಪ್ರವಾಸಿ ನೋಡಿ ಹೋಗುವುದು ನಿದ್ದೆಯಲ್ಲಿರುವ ಊರನ್ನು. ಪದ್ಧತಿ ಬಲ್ಲವರು ಬೆಳಿಗ್ಗೆ ಬೇಗ ಎದ್ದು ನೋಡಬೇಕಾದದ್ದನ್ನು ನೋಡಿ, ಮಧ್ಯಾಹ್ನವನ್ನು ನಿಧಾನದ ಊಟಕ್ಕೋ ಗೋಡೆಯಾಚೆಯ ಆಲಿವ್ ತೋಪಿನ ನೆರಳಿಗೋ ಬಿಟ್ಟುಕೊಡುತ್ತಾರೆ.

ಬಿಸಿಲು ಇಳಿದ ಮೇಲೆ ಊರು ಮತ್ತೆ ಹೊರಗೆ ಬರುತ್ತದೆ. ಸಂಜೆ ಐದರಿಂದ ಎಂಟರ ನಡುವೆ ನಡೆಯುವ ಈ ಅಡ್ಡಾಟವೇ ಪಸ್ಸೆಜಾತಾ. ಇದು ವ್ಯಾಯಾಮದ ನಡಿಗೆಯಲ್ಲ. ಗುರಿಯೂ ಇಲ್ಲ, ಅವಸರವೂ ಇಲ್ಲ. ಊರಿನ ಮುಖ್ಯ ಬೀದಿಯಲ್ಲಿ ಈ ತುದಿಯಿಂದ ಆ ತುದಿಗೆ ಹೋಗಿ, ತಿರುಗಿ, ಮತ್ತೆ ಬರುವುದು. ಪೆರೂಜಾದ ಕೋರ್ಸೊ ವನ್ನುಚ್ಚಿ ಬೀದಿಯಲ್ಲಿ ಹೀಗೆ ಸುತ್ತುವುದಕ್ಕೆ ಈಜುಕೊಳದಲ್ಲಿ ಸುತ್ತು ಹಾಕುವ ಮಾತನ್ನೇ ಬಳಸುತ್ತಾರೆ. ದಕ್ಷಿಣದ ಕಡೆ ಇದನ್ನೇ ಸ್ತ್ರೂಶೊ, ಅಂದರೆ ಉಜ್ಜಾಟ, ಎನ್ನುವುದುಂಟು. ಜನ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬರುತ್ತಾರೆ. ಯಾರ ಮಗು ನಡೆಯತೊಡಗಿದೆ, ಯಾರ ಮಗಳು ಯಾರ ಜೊತೆ ಮಾತಾಡುತ್ತಿದ್ದಾಳೆ, ಯಾವ ಅಜ್ಜ ನಾಲ್ಕು ದಿನದಿಂದ ಕಂಡಿಲ್ಲ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಕಾಣುವುದು, ಕಾಣಿಸಿಕೊಳ್ಳುವುದು ಎರಡೂ ಅದರ ಭಾಗ. ಹೊರಗಿನವರು ಇದಕ್ಕೆ ಟಿಕೆಟ್ ಕೊಳ್ಳಬೇಕಿಲ್ಲ; ಅವರ ಹೆಜ್ಜೆ ನಿಧಾನವಾದರೆ ಸಾಕು.

ಕೂರುವವರಿಗೂ ಹಳೆಯ ಕಾಲದಿಂದ ವ್ಯವಸ್ಥೆಯಿದೆ. ಪೋಪ್ ಎರಡನೆಯ ಪಿಯುಸ್ ತಾನು ಹುಟ್ಟಿದ ಕೊರ್ಸಿನ್ಯಾನೊ ಹಳ್ಳಿಯನ್ನು 1459ರಿಂದ 1462ರ ಹೊತ್ತಿಗೆ ಶಿಲ್ಪಿ ಬೆರ್ನಾರ್ದೊ ರೊಸ್ಸೆಲ್ಲಿನೊನಿಂದ ಹೊಸದಾಗಿ ಕಟ್ಟಿಸಿ ಪಿಯೆಂತ್ಸಾ ಎಂದು ಹೆಸರಿಟ್ಟ. ಅಲ್ಲಿನ ಪಿಕ್ಕೊಲೊಮಿನಿ ಅರಮನೆಯ ಗೋಡೆಯ ಬುಡದಲ್ಲಿ ಕಲ್ಲಿನ ಜಗಲಿ ಇದೆ. ಅರಮನೆಯ ಒಡೆಯ ಒಳಗೆ, ದಾರಿಹೋಕ ಹೊರಗಿನ ಜಗಲಿಯ ಮೇಲೆ. ಪೋಪನ ವಂಶ ಹೋದರೂ ಜಗಲಿಯ ಕೆಲಸ ನಿಂತಿಲ್ಲ. ಸಿಯೆನಾದ ಕಾಂಪೊ ಚೌಕದಲ್ಲಂತೂ ನೆಲವೇ ಆಸನ. ಚಿಪ್ಪಿನಂತೆ ಒಳಕ್ಕೆ ಇಳಿಜಾರಾದ ಆ ಇಟ್ಟಿಗೆ ನೆಲವನ್ನು ಒಂಬತ್ತು ಪಾಲಾಗಿ ಹಂಚಿದ್ದಾರೆ. ಕಟ್ಟಿಸಿದ ಕಾಲದಲ್ಲಿ ಊರನ್ನು ಆಳುತ್ತಿದ್ದ ಒಂಬತ್ತು ಮಂದಿಯ ಸಭೆಯ ಗುರುತು ಅದು.

ಚೌಕದಲ್ಲಿ ಒಂದಾದರೂ ಬಾರ್ ಇದ್ದೇ ಇರುತ್ತದೆ. ಕನ್ನಡದ ಓದುಗರಿಗೆ ಈ ಮಾತು ಬೇರೆಯೇ ಚಿತ್ರ ಕೊಡಬಹುದು. ಇಟಲಿಯ ಬಾರ್ ಮೊದಲಿಗೆ ಕಾಫಿಯ ಅಂಗಡಿ. ಅಲ್ಲಿ ಮಕ್ಕಳಿಗೆ ಐಸ್‌ಕ್ರೀಮು, ಪಾದ್ರಿಗೆ ಪತ್ರಿಕೆ, ಕೂಲಿಯವನಿಗೆ ಒಂದು ಲೋಟ ವೈನು. ಕಟ್ಟೆಗೆ ಒರಗಿ ನಿಂತು ಕುಡಿದರೆ ಒಂದು ಬೆಲೆ, ಮೇಜಿಗೆ ತರಿಸಿಕೊಂಡರೆ ಸಾಮಾನ್ಯವಾಗಿ ಹೆಚ್ಚು. ಆ ಹೆಚ್ಚಿನ ಹಣ ಕೂತ ಜಾಗಕ್ಕೆ. ಹಾಲು ಬೆರೆತ ಕಾಪುಚೀನೊ ಬೆಳಗಿನದು. ಊಟದ ಮೇಲೆ ಅದನ್ನು ಕೇಳುವವರು ಹೊರಗಿನವರೇ ಎಂದು ಎಲ್ಲರಿಗೂ ತಿಳಿಯುತ್ತದೆ. ಮೂಲೆಯ ಮೇಜಿನಲ್ಲಿ ಮುದುಕರು ಸ್ಕೋಪಾ ಅಥವಾ ಬ್ರಿಸ್ಕೊಲಾ ಆಡುತ್ತಿರುತ್ತಾರೆ. ಎರಡಕ್ಕೂ 40 ಎಲೆಗಳ ಕಟ್ಟು. ಎಂಟು, ಒಂಬತ್ತು, ಹತ್ತು ಇರುವುದಿಲ್ಲ. ಇಟಲಿಯ ಹೆಚ್ಚಿನ ಕಡೆ ಎಲೆಗಳ ಮೇಲೆ ಬಟ್ಟಲು, ನಾಣ್ಯ, ಕತ್ತಿ, ದೊಣ್ಣೆಯ ಗುರುತು. ಆದರೆ ಟಸ್ಕನಿಯವರದು ನಮಗೆ ಪರಿಚಯದ ಆಟೀನು, ಕಳಾವರ, ಡೈಮನ್, ಇಸ್ಪೀಟು. ನೋಡುತ್ತ ನಿಲ್ಲಲು ಅಡ್ಡಿಯಿಲ್ಲ, ಸಲಹೆ ಕೊಡಬಾರದು.

ಈ ಬಿಡುವು ಎಲ್ಲರ ಪಾಲಿಗೂ ಬಂದದ್ದಲ್ಲ. ಊರಿನ ಸುತ್ತಲ ಹೊಲಗಳನ್ನು ಮೆತ್ಸಾದ್ರಿಯಾ ಎಂಬ ಪಾಲುಬೆಳೆ ಪದ್ಧತಿಯಲ್ಲಿ ಉಳುತ್ತಿದ್ದ ಒಕ್ಕಲು ಮಕ್ಕಳು ಹೊಲದ ಮನೆಗಳಲ್ಲೇ ಇರುತ್ತಿದ್ದರು. ಬೆಳೆದದ್ದರಲ್ಲಿ ಸುಮಾರು ಅರ್ಧ ಒಡೆಯನಿಗೆ. ಅವರು ಗುಡ್ಡ ಹತ್ತುತ್ತಿದ್ದದ್ದು ಸಂತೆಗೆ, ಪೂಜೆಗೆ, ಜಾತ್ರೆಗೆ. 1925ರಲ್ಲಿ ಫ್ಯಾಸಿಸ್ಟ್ ಸರ್ಕಾರ ಜನರ ಬಿಡುವನ್ನೂ ತನ್ನ ಕೈಗೆ ತೆಗೆದುಕೊಳ್ಳಲು ದೊಪೊಲಾವೊರೊ ಎಂಬ ಸಂಸ್ಥೆ ತೆರೆಯಿತು. ಹೆಸರಿನ ಅರ್ಥ ‘ಕೆಲಸದ ಬಳಿಕ’. ಯುದ್ಧ ಮುಗಿದ ಮೇಲೆ ಕ್ಯಾಥೊಲಿಕ್ ಕಾರ್ಮಿಕರದು ಒಂದು ಕ್ಲಬ್ಬು, ಎಡಪಕ್ಷದವರದು ಇನ್ನೊಂದು ಎಂಬಂತೆ ಹಲವು ಊರುಗಳಲ್ಲಿ ಇಸ್ಪೀಟಿನ ಮೇಜುಗಳೂ ಪಕ್ಷ ಕಟ್ಟಿದವು. ಪಾಲುಬೆಳೆಯ ಹೊಸ ಕರಾರುಗಳನ್ನು 1964ರ ಕಾನೂನು ನಿಷೇಧಿಸಿತು. ಅಷ್ಟರಲ್ಲಿ ಒಕ್ಕಲು ಮಕ್ಕಳು ಕಾರ್ಖಾನೆಗಳ ಕಡೆಗೆ ಹೊರಟಾಗಿತ್ತು.

ಹೀಗೆ ಬರಿದಾಗತೊಡಗಿದ ಊರೊಂದು ತನ್ನ ಬಿಡುವಿನಿಂದಲೇ ಉಳಿದುಕೊಂಡಿತು. ಪಿಯೆಂತ್ಸಾಕ್ಕೆ ಸೇರಿದ ಮೊಂತಿಕ್ಕಿಯೆಲ್ಲೊ ಎಂಬ ಪುಟ್ಟ ಕೋಟೆಯೂರಿನ ಜನ 1967ರಿಂದ ಬೇಸಿಗೆಯಲ್ಲಿ ಚೌಕವನ್ನೇ ರಂಗವಾಗಿಸಿ ನಾಟಕ ಆಡುತ್ತ ಬಂದಿದ್ದಾರೆ. ಇದರ ಹೆಸರು ತೆಯಾತ್ರೊ ಪೋವೆರೊ, ಬಡ ರಂಗಭೂಮಿ. ವಸ್ತುವನ್ನು ಊರಿನವರೇ ಚಳಿಗಾಲದಲ್ಲಿ ಕೂತು ಚರ್ಚಿಸಿ ಗೊತ್ತುಮಾಡುತ್ತಾರೆ, ಪಾತ್ರವನ್ನೂ ಅವರೇ ವಹಿಸುತ್ತಾರೆ. 1944ರ ಏಪ್ರಿಲ್‌ನಲ್ಲಿ ಊರ ಬಳಿ ಪಾರ್ಟಿಸಾನರು ಫ್ಯಾಸಿಸ್ಟರೊಡನೆ ನಡೆಸಿದ ಕಾಳಗ, ಪಾಲುಬೆಳೆಯ ಕಷ್ಟ, ಮಕ್ಕಳು ಊರು ಬಿಟ್ಟುಹೋದದ್ದು, ಇವೆಲ್ಲ ಅವರ ನಾಟಕಗಳಾದವು. ಬೆಟ್ಟದೂರುಗಳ ಹೆಸರಾಂತ ಉತ್ಸವಗಳಾದ ಸ್ಪೊಲೆತೊದ ಕಲೋತ್ಸವ (1958) ಮತ್ತು ಪೆರೂಜಾದ ಉಂಬ್ರಿಯ ಜಾಜ್ (1973) ಇದಕ್ಕಿಂತ ಎಷ್ಟೋ ದೊಡ್ಡವು. ಆದರೆ ಅಲ್ಲಿ ವೇದಿಕೆ ಏರುವವರು ಹೆಚ್ಚಾಗಿ ಹೊರಗಿನಿಂದ ಬಂದ ಕಲಾವಿದರು.

ಹಬ್ಬದ ಓಟಗಳದೇ ಬೇರೆ ಲೋಕ. ಸಿಯೆನಾದ ಪಾಲಿಯೊ ಜುಲೈ 2 ಮತ್ತು ಆಗಸ್ಟ್ 16ರಂದು ಕಾಂಪೊ ಚೌಕದಲ್ಲಿ ನಡೆಯುತ್ತದೆ. 17 ಕೇರಿಗಳಲ್ಲಿ ಹತ್ತು ಮಾತ್ರ ಓಡುತ್ತವೆ, ಕುದುರೆಗಳಿಗೆ ಜೀನು ಇಲ್ಲ, ಮೂರು ಸುತ್ತು ಒಂದೂವರೆ ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಸವಾರ ಬಿದ್ದರೂ ಕುದುರೆ ಮೊದಲು ಬಂದರೆ ಗೆದ್ದಂತೆಯೇ. ಆ ಒಂದೂವರೆ ನಿಮಿಷಕ್ಕೆ ಕೇರಿಗಳು ವರ್ಷವಿಡೀ ಊಟ ಹಾಕುತ್ತವೆ, ಹಣ ಕೂಡಿಸುತ್ತವೆ, ಹಗೆ ಸಾಧಿಸುತ್ತವೆ. ಮೊಂತೆಪುಲ್ಚಿಯಾನೊದಲ್ಲಿ ಆಗಸ್ಟ್ ತಿಂಗಳ ಕೊನೆಯ ಭಾನುವಾರ ಎಂಟು ಕೇರಿಗಳವರು 80 ಕಿಲೋ ತೂಕದ ವೈನಿನ ಪೀಪಾಯಿಗಳನ್ನು ಏರುಬೀದಿಯಲ್ಲಿ ಉರುಳಿಸುತ್ತ ಓಡುತ್ತಾರೆ. ಎಲ್ಲಕ್ಕಿಂತ ವಿಚಿತ್ರವಾದದ್ದು ಗುಬ್ಬಿಯೊದ ಚೇರಿ ಓಟ. ಮೇ 15ರಂದು ಸುಮಾರು 300 ಕಿಲೋ ತೂಗುವ ಮೂರು ಮರದ ಕಂಬಗಳನ್ನು, ಮೇಲೊಬ್ಬೊಬ್ಬ ಸಂತನ ಮೂರ್ತಿ ಇಟ್ಟು, ಹೆಗಲ ಮೇಲೆ ಹೊತ್ತು ಇಂಜಿನೊ ಬೆಟ್ಟದ ಚರ್ಚಿನವರೆಗೆ ಓಡುತ್ತಾರೆ. ಮುಂದೆ ಸಂತ ಉಬಾಲ್ದೊ, ಹಿಂದೆ ಜಾರ್ಜ್, ಕೊನೆಗೆ ಅಂತೋನಿ. ಈ ಸಾಲು ಎಂದೂ ಬದಲಾಗದು. ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತಿದ್ದರೂ ಜೀವ ಒತ್ತೆಯಿಟ್ಟಂತೆ ಓಡುವ ಓಟ ಇದು. ಉಂಬ್ರಿಯ ಪ್ರಾಂತ್ಯದ ಧ್ವಜದ ಮೇಲೆ ಈ ಮೂರು ಕಂಬಗಳೇ ಇವೆ.

ಹೊರಗಿನಿಂದ ಬರುವವರ ಬಿಡುವನ್ನು ನುಂಗುವುದು ಏರು. ರೈಲು ನಿಲ್ದಾಣ ಕಣಿವೆಯಲ್ಲಿ, ಊರು ಮೇಲೆ. ಒರ್ವಿಯೆತೊದಲ್ಲಿ 1888ರಲ್ಲಿ ನೀರಿನ ಭಾರದಿಂದ ಎಳೆಯುವ ಹಗ್ಗದ ರೈಲು ಹಾಕಿದರು. ಈಗ ಅದು ವಿದ್ಯುತ್ತಿನಿಂದ ಓಡುತ್ತದೆ. ಪೆರೂಜಾದಲ್ಲಿ 1983ರಿಂದ ಚಲಿಸುವ ಮೆಟ್ಟಿಲುಗಳು ನೆಲದಡಿ ಹೂತುಹೋದ ಮಧ್ಯಯುಗದ ಬೀದಿಗಳ ನಡುವೆ ಹಾದು ಜನರನ್ನು ಮೇಲಕ್ಕೆ ತರುತ್ತವೆ. ಸಣ್ಣ ಊರುಗಳಿಗೆ ಬಸ್ಸೇ ಗತಿ, ಭಾನುವಾರ ಅದೂ ಅಪರೂಪ. ವೇಳಾಪಟ್ಟಿಯಲ್ಲಿ ‘ಫೆರಿಯಾಲೆ’ ಎಂದಿದ್ದರೆ ರಜೆಯ ದಿನದ ಬಸ್ಸೆಂದು ತಿಳಿದು ಮೋಸಹೋದವರಿದ್ದಾರೆ: ಫೇರಿಯೆ ಎಂದರೆ ರಜೆಯಾದರೂ ಫೆರಿಯಾಲೆ ಎಂದರೆ ಕೆಲಸದ ದಿನ. ಸ್ವಂತ ಕಾರಿನಲ್ಲಿ ಬರುವವರು ಕೋಟೆಬಾಗಿಲ ಹೊರಗೇ ನಿಲ್ಲಿಸಬೇಕು. ಒಳಗಿನ ನಿರ್ಬಂಧಿತ ವಲಯವನ್ನು ಕ್ಯಾಮೆರಾ ಕಾಯುತ್ತಿರುತ್ತದೆ, ದಂಡದ ಚೀಟಿ ತಿಂಗಳುಗಳ ಮೇಲೆ ಮನೆಗೆ ಬರುತ್ತದೆ.

ರಾತ್ರಿ ತಂಗುವುದೊಂದೇ ಇದಕ್ಕೆಲ್ಲ ಪರಿಹಾರ. ಒಂದು ಕಾಲಕ್ಕೆ 72 ಗೋಪುರಗಳಿದ್ದು ಈಗ 14 ಉಳಿದಿರುವ ಸಾನ್ ಜಿಮಿನ್ಯಾನೊದಲ್ಲಿ ಹಗಲು ಹೆಜ್ಜೆ ಇಡಲು ಜಾಗವಿರುವುದಿಲ್ಲ. ಕೊನೆಯ ಬಸ್ಸು ಇಳಿದುಹೋದ ಮೇಲೆ ಬಾವಿಯ ಚೌಕದಲ್ಲಿ ಊರಿನವರ ದನಿ ಕೇಳತೊಡಗುತ್ತದೆ. ಕುಸಿಯುವ ಜೇಡಿಯ ಮೇಲೆ ನಿಂತಿರುವ ಚಿವಿತಾ ದಿ ಬಾನ್ಯೊರೆಜೊಗೆ ಕಾಲುಸೇತುವೆಯೊಂದೇ ದಾರಿ, 2013ರಿಂದ ಒಳಹೋಗಲು ಶುಲ್ಕವೂ ಇದೆ. ಅಲ್ಲಿ ವರ್ಷಪೂರ್ತಿ ನೆಲೆಸಿರುವವರನ್ನು ಬೆರಳಲ್ಲಿ ಎಣಿಸಬಹುದು. ಈ ನೂಕುನುಗ್ಗಲು ಇಷ್ಟು ಬೆಳೆಯುವ ಮೊದಲೇ, 1999ರಲ್ಲಿ, ಗ್ರೆವೆ ಇನ್ ಕಿಯಾಂತಿಯ ಮೇಯರ್ ಮುಂದಾಗಿ, ಒರ್ವಿಯೆತೊ, ಬ್ರಾ, ಪೊಸಿತಾನೊ ಜೊತೆಗೂಡಿ ಚಿತ್ತಾಸ್ಲೋ ಎಂಬ ‘ನಿಧಾನದ ಊರು’ಗಳ ಕೂಟ ಕಟ್ಟಿದರು. ಐವತ್ತು ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಮಾತ್ರ ಪ್ರವೇಶ. ಕೂಟದ ಲಾಂಛನ ಬಸವನಹುಳು.

ಕಾಲ ಆರಿಸುವ ಅವಕಾಶವಿದ್ದರೆ ಆಗಸ್ಟ್ ಬಿಟ್ಟು ನವೆಂಬರ್ ಹಿಡಿಯುವುದು ಲೇಸು. ಆಗ ಆಲಿವ್ ಕೊಯ್ಲು, ಫ್ರಂತೋಯೊ ಎಂಬ ಗಾಣಗಳು ಹಗಲಿರುಳು ತಿರುಗುತ್ತವೆ. ಉಪ್ಪಿಲ್ಲದ ಬ್ರೆಡ್ಡನ್ನು ಕೆಂಡದ ಮೇಲೆ ಸುಟ್ಟು, ಬೆಳ್ಳುಳ್ಳಿ ಉಜ್ಜಿ, ಆಗ ತಾನೇ ಇಳಿದ ಹಸಿರು ಎಣ್ಣೆ ಸುರಿದು ಗಾಣದ ಬಾಗಿಲಲ್ಲೇ ತಿನ್ನುತ್ತಾರೆ. ಟಸ್ಕನಿಯಲ್ಲಿ ಇದಕ್ಕೆ ಫೆತ್ತುಂತಾ ಎನ್ನುತ್ತಾರೆ, ಉಂಬ್ರಿಯದಲ್ಲಿ ಬ್ರುಸ್ಕೆತ್ತಾ. ಹೊಸ ಎಣ್ಣೆ ಗಂಟಲಲ್ಲಿ ಮೆಣಸಿನಂತೆ ಚುರುಗುಟ್ಟುತ್ತದೆ.