ಮುಂಬಯಿ ವಿಶ್ವವಿದ್ಯಾಲಯ ಮತ್ತು ಕನ್ನಡ: ಎರಡು ಆಕ್ಷೇಪಗಳ ಪರಾಮರ್ಶೆ

ಮುಂಬಯಿ ವಿಶ್ವವಿದ್ಯಾಲಯವು ಆಂಗ್ಲ ಆಡಳಿತಕ್ಕೆ ಗುಮಾಸ್ತರನ್ನು ಒದಗಿಸಿದ ಪರೀಕ್ಷಾಯಂತ್ರವೆಂದೂ, ಕನ್ನಡವೇ ಮೊದಲಾದ ದೇಶಭಾಷೆಗಳನ್ನು ಉಪೇಕ್ಷಿಸಿತೆಂದೂ ಎರಡು ಆಕ್ಷೇಪಗಳು ಬಹುಕಾಲದಿಂದ ಕೇಳಿಬರುತ್ತಿವೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡಿಗರ ಮಕ್ಕಳಲ್ಲಿ ಅನೇಕರು ಇಂದಿಗೂ ಇದೇ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ವ್ಯಾಸಂಗ ಮಾಡುತ್ತಿರುವುದರಿಂದ, ಈ ಆಕ್ಷೇಪಗಳನ್ನು ತೂಗಿ ನೋಡುವುದು ಅಪ್ರಸ್ತುತವಾಗಲಾರದು.

1857ರ ಜುಲೈ 18ರಂದು ಸ್ಥಾಪಿತವಾದ ಈ ಸಂಸ್ಥೆಗೆ ಲಂಡನ್ ವಿಶ್ವವಿದ್ಯಾಲಯವೇ ಮಾದರಿ. ಪರೀಕ್ಷೆ ನಡೆಸುವುದು, ಪದವಿ ನೀಡುವುದು ಇವಿಷ್ಟೇ ಅದರ ಕಾರ್ಯ. ಬೋಧನೆ ಕಾಲೇಜುಗಳಿಗೆ ಸೇರಿದ್ದು. 1859ರ ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆಗೆ ಕುಳಿತ 132 ಜನರಲ್ಲಿ ತೇರ್ಗಡೆಯಾದವರು 22 ಮಂದಿ ಮಾತ್ರ. ಮಾದರಿಯಾದ ಲಂಡನ್ನೇ 1898ರ ಕಾಯಿದೆಯಿಂದ ಬೋಧಕಸಂಸ್ಥೆಯಾಗುವ ಹಾದಿ ಹಿಡಿಯಿತು. ಭಾರತದ ವಿಶ್ವವಿದ್ಯಾಲಯಗಳಿಗೆ ಆ ಅವಕಾಶ ದೊರೆತದ್ದು 1904ರ ಕಾಯಿದೆಯಿಂದ. ಆದುದರಿಂದ ಪರೀಕ್ಷಾಯಂತ್ರವೆಂಬ ದೋಷದ ಹೊಣೆ ಬಹುಮಟ್ಟಿಗೆ ಅದನ್ನು ರೂಪಿಸಿದ ಸರಕಾರದ್ದು.

ಗುಮಾಸ್ತರ ವಿಷಯವಾದ ಮಾತಂತೂ ಅರ್ಧಸತ್ಯ. 1862ರಲ್ಲಿ ಹೊರಬಂದ ಪ್ರಥಮ ಪದವೀಧರರಲ್ಲಿ ರಾನಡೆ, ಭಾಂಡಾರಕರರು ಇದ್ದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದ ರಾ. ಹ. ದೇಶಪಾಂಡೆಯವರು ಇಲ್ಲಿಯ ಎಂ.ಎ. ಪದವೀಧರರು. ಕರ್ನಾಟಕತ್ವದ ಪ್ರತಿಪಾದಕರಾದ ಆಲೂರ ವೆಂಕಟರಾಯರೂ, ಕವಿ ಬೇಂದ್ರೆಯವರೂ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ಇದರ ಪದವಿಯನ್ನೇ ಪಡೆದವರು. ಇಂಗ್ಲಿಷಿನಲ್ಲಿ ಪಡೆದ ವಿದ್ಯೆಯನ್ನು ಇವರು ಕನ್ನಡದ ಏಳಿಗೆಗೆ ಮುಡಿಪಾಗಿಟ್ಟರು.

ಆದರೆ ಭಾಷೆಯ ವಿಷಯದಲ್ಲಿ ವಿಶ್ವವಿದ್ಯಾಲಯವನ್ನು ಇಷ್ಟು ಸುಲಭವಾಗಿ ದೋಷಮುಕ್ತಗೊಳಿಸಲು ಬಾರದು. ಅದರ ಹುಟ್ಟಿಗೆ ಕಾರಣವಾದ 1854ರ ವುಡ್ ಅವರ ಶಿಕ್ಷಣಪತ್ರವು ದೇಶಭಾಷೆಗಳಿಗೂ ಪ್ರಾಧ್ಯಾಪಕಪೀಠಗಳಿರಬೇಕೆಂದು ಸೂಚಿಸಿತ್ತು. ಹೀಗಿದ್ದೂ 1860ರ ದಶಕದಲ್ಲಿ ಉಚ್ಚ ಪರೀಕ್ಷೆಗಳಿಂದ ದೇಶಭಾಷೆಗಳು ಹೊರಬಿದ್ದವು. ಅವನ್ನು ಮರಳಿ ತರಲು ರಾನಡೆಯವರು ದೀರ್ಘಕಾಲ ಹೋರಾಡಬೇಕಾಯಿತು. ಸರಕಾರದ ಕಟ್ಟಳೆಯೇ ಅಡ್ಡಿಯಾಗಿತ್ತೆಂಬ ಸಮಾಧಾನವೂ ಇಲ್ಲಿ ನಿಲ್ಲದು. ಅದೇ 1904ರ ಕಾಯಿದೆಗೆ ಒಳಪಟ್ಟಿದ್ದ ಕಲಕತ್ತಾ ವಿಶ್ವವಿದ್ಯಾಲಯವು ಆಶುತೋಷ ಮುಖರ್ಜಿಯವರ ನೇತೃತ್ವದಲ್ಲಿ 1919ರಲ್ಲಿ ಭಾರತೀಯ ಭಾಷೆಗಳ ಎಂ.ಎ. ವ್ಯಾಸಂಗವನ್ನು ಆರಂಭಿಸಿತು. ಇಚ್ಛೆಯಿದ್ದಲ್ಲಿ ಮಾರ್ಗವೂ ಇತ್ತೆಂಬುದಕ್ಕೆ ಇದೇ ಸಾಕ್ಷಿ.

ಇದಕ್ಕೆ ದೂರದ ಕಷ್ಟವೂ ಕೂಡಿತ್ತು. ವಿಶ್ವವಿದ್ಯಾಲಯ ಸ್ಥಾಪನೆಯಾಗಿ 60 ವರ್ಷಗಳ ತರುವಾಯ, 1917ರಲ್ಲಿ, ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದವರ ಪರಿಶ್ರಮದಿಂದ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯಿತು. ಅದುವರೆಗೆ ಆ ಭಾಗದ ತರುಣರು ಪದವಿಗಾಗಿ ಪುಣೆ, ಮುಂಬಯಿಗಳಿಗೆ ಹೋಗಬೇಕಾಗಿತ್ತು. ಅನುಕೂಲವಿಲ್ಲದವರ ಓದು ಮೆಟ್ರಿಕ್ಯುಲೇಶನ್ನಿಗೇ ನಿಲ್ಲುತ್ತಿತ್ತು.

1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಮುಂಬಯಿಯಲ್ಲಿಯೇ ಜನ್ಮತಾಳಿ, ಮರುವರ್ಷ ಧಾರವಾಡಕ್ಕೆ ಸಾಗಿತು. ಕನ್ನಡ ಜಿಲ್ಲೆಗಳು ಮುಂಬಯಿ ವಿಶ್ವವಿದ್ಯಾಲಯದಿಂದ ಬೇರ್ಪಟ್ಟರೂ ಮುಂಬಯಿಯ ಕನ್ನಡಿಗರು ಅದರಲ್ಲಿಯೇ ಉಳಿದರು. ಅಲ್ಲಿ ಕನ್ನಡ ವಿಭಾಗ ಆರಂಭವಾದುದು 1979ರಲ್ಲಿ. ಹೊಸಗನ್ನಡದ ಉದಯಕಾಲವನ್ನು ಶೋಧಿಸಿದ ಶ್ರೀನಿವಾಸ ಹಾವನೂರರಂಥ ವಿದ್ವಾಂಸರು ಅದನ್ನು ಮುನ್ನಡೆಸಿದರು. ವುಡ್ ಅವರ ಪತ್ರದ ಸೂಚನೆ ಕನ್ನಡದ ಪಾಲಿಗೆ ಕೈಗೂಡಲು 125 ವರ್ಷಗಳು ಹಿಡಿದವು.

ಹೀಗೆ ಮೊದಲ ಆಕ್ಷೇಪವು ಬಹುಪಾಲು ನಿರಾಧಾರ, ಎರಡನೆಯದು ಸಾಧಾರ. ಆದರೆ ಹಳೆಯ ಉಪೇಕ್ಷೆಯನ್ನು ಖಂಡಿಸುವವರು ಇಂದಿನ ಸ್ಥಿತಿಯನ್ನೂ ಗಮನಿಸತಕ್ಕದ್ದು. ಅಂದು ಧಾರವಾಡದ ವಿದ್ಯಾರ್ಥಿಗೆ ಊರು ಬಿಡದೆ ಪದವಿಯಿರಲಿಲ್ಲ. ಇಂದು ಕಲ್ಯಾಣ, ಡೊಂಬಿವಲಿಗಳಿಂದ ಕಲೀನಾದ ವಿದ್ಯಾನಗರಿಗೆ ಲೋಕಲ್ ಗಾಡಿಯ ಪ್ರಯಾಣವಷ್ಟೇ. ಇಷ್ಟು ತಡವಾಗಿ ದೊರೆತ ವಿಭಾಗಕ್ಕೆ ವಿದ್ಯಾರ್ಥಿಗಳನ್ನು ಕಳುಹಿಸುವ ಹೊಣೆ ಕನ್ನಡ ಮನೆಗಳದ್ದು. ಅದನ್ನು ಮರೆತರೆ ಮುಂದಿನ ಇತಿಹಾಸಕಾರನು ಉಪೇಕ್ಷೆಯ ದೋಷವನ್ನು ವಿಶ್ವವಿದ್ಯಾಲಯದ ಮೇಲೆ ಮಾತ್ರ ಹೊರಿಸಲಾರನು.