ಎಂಜಿನ್ನಿಗೆ ತಕ್ಕ ಬೋಗಿ

ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಗೆ ರೈಲು ಹಳಿ ಬರಲಿಲ್ಲ. ಆ ಕಡೆಯವರಿಗೆ ರೈಲು ಎಂದರೆ ದಾವಣಗೆರೆ. 1880ರ ದಶಕದಲ್ಲಿ ಪೂರ್ತಿಗೊಂಡ ಬೆಂಗಳೂರು–ಹರಿಹರ ಮೀಟರ್ ಗೇಜ್ ಮಾರ್ಗದ ಊರು ಅದು. 1990ರ ದಶಕದಲ್ಲಿ ಆ ಹಳಿ ಬ್ರಾಡ್ ಗೇಜ್ ಆಯಿತು. ಹಳೆಯ ಗಾಡಿಯನ್ನು ಈಗ ನೋಡಬೇಕೆಂದರೆ ಛಾಯಾಚಿತ್ರಗಳಿವೆ, 1979ರಲ್ಲಿ ತೆರೆದ ಮೈಸೂರಿನ ರೈಲು ವಸ್ತುಸಂಗ್ರಹಾಲಯವಿದೆ. ಇಲ್ಲವೇ ಹವ್ಯಾಸಿಗಳು ಮೇಜಿನ ಮೇಲೆ ಓಡಿಸುವ ಪುಟ್ಟ ಮಾದರಿಗಳಿವೆ.

ಮಾದರಿ ಮಾಡುವವರ ಕಣ್ಣೆಲ್ಲ ಎಂಜಿನ್ನಿನ ಮೇಲೆ. ‘ವೈಪಿ’ ದರ್ಜೆಯ ಉಗಿ ಎಂಜಿನ್ನನ್ನೇ ನೋಡಿ. 1949ರಿಂದ 1970ರವರೆಗೆ ಇಂಥವು 871 ತಯಾರಾದವು. ಬಹುಪಾಲು ಜಮ್‌ಶೆಡ್‌ಪುರದ ಟೆಲ್ಕೋದಲ್ಲಿ. ಪ್ರತಿ ಮೊಳೆಯನ್ನೂ ಲೆಕ್ಕವಿಟ್ಟು ಇದರ ಪ್ರತಿರೂಪ ಮಾಡಿದ ಹವ್ಯಾಸಿ, ಹಿಂದೆ ಮಾತ್ರ ಕೈಗೆ ಸಿಕ್ಕಿದ ಡಬ್ಬಿಗಳನ್ನು ಜೋಡಿಸಿಬಿಡುತ್ತಾನೆ. ಕೆಡುವುದು ಅಲ್ಲೇ. ದಶಕಗಟ್ಟಲೆ ಓಡಿದ ಎಂಜಿನ್ ಯಾವ ಇಸವಿಯನ್ನೂ ಖಚಿತವಾಗಿ ಹೇಳದು. ಇಸವಿ ಹೇಳುವುದು ಬೋಗಿಗಳು.

(‘ಬೋಗಿ’ ಎಂದರೆ ಇಂಗ್ಲಿಷಿನಲ್ಲಿ ಡಬ್ಬಿಯ ಕೆಳಗಿನ ಗಾಲಿಗಳ ಚೌಕಟ್ಟು ಮಾತ್ರ. ನಾವು ಇಡೀ ಡಬ್ಬಿಗೇ ಆ ಹೆಸರು ಕೊಟ್ಟೆವು, ಇರಲಿ.)

ಹೇಗೆ ಹೇಳುತ್ತವೆ? ಮೊದಲು ಅವುಗಳ ಮೇಲಿನ ಅಕ್ಷರ. ಮೈಸೂರು ಸ್ಟೇಟ್ ರೈಲ್ವೆ 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. 1966ರ ಅಕ್ಟೋಬರ್ 2ರಂದು ಹುಟ್ಟಿದ ದಕ್ಷಿಣ ಮಧ್ಯ ರೈಲ್ವೆಗೆ ಹುಬ್ಬಳ್ಳಿ ವಿಭಾಗ ಸೇರಿತು. 1960ರ ಗಾಡಿ ಎಂದು ಫಲಕ ಹಾಕಿ, ಬೋಗಿಯ ಮೇಲೆ ದಕ್ಷಿಣ ಮಧ್ಯ ರೈಲ್ವೆಯ ಅಕ್ಷರ ಬರೆದರೆ ಬಲ್ಲವರು ನಗುತ್ತಾರೆ.

ಇದಕ್ಕಿಂತ ಮುಖ್ಯವಾದದ್ದು ದರ್ಜೆ. 1955ರಲ್ಲಿ ಹಳೆಯ ಮೊದಲನೇ ದರ್ಜೆಯನ್ನು ತೆಗೆದರು. ಎರಡನೆಯದು ಮೊದಲನೆಯದಾಯಿತು, ‘ಇಂಟರ್’ ಎರಡನೆಯದಾಯಿತು. ಮೂರನೆಯದು ಮೂರನೆಯದಾಗಿಯೇ ಉಳಿಯಿತು. ಗಾಂಧೀಜಿ 1917ರಲ್ಲೇ ಅದರ ದುರವಸ್ಥೆಯ ಬಗ್ಗೆ ಬರೆದಿದ್ದರು. ಆ ಹೆಸರು ಹೋದದ್ದು 1974ರಲ್ಲಿ. ಹೀಗಾಗಿ 1962ರ ಪ್ಯಾಸೆಂಜರ್ ಗಾಡಿಯ ಮಾದರಿಯಲ್ಲಿ ಬಾಗಿಲ ಬದಿಗೆ ಮೂರು ಗೆರೆಯ ರೋಮನ್ ಅಂಕಿ ಇರಲೇಬೇಕು, ಅದೂ ಬಹುಪಾಲು ಬೋಗಿಗಳ ಮೇಲೆ. ಅಂಗಡಿಯಲ್ಲಿ ಚೆಂದ ಕಾಣುವುದು ಮೊದಲನೇ ದರ್ಜೆ, ನಿಜ. ಆದರೆ ಮೂರು ಮೊದಲನೇ ದರ್ಜೆ, ಒಂದು ಮೂರನೇ ದರ್ಜೆ ಎಂದು ಜೋಡಿಸಿದರೆ, ಸಂತೆಯ ಮೂಟೆಯೊಂದಿಗೆ ಮರದ ಬೆಂಚಿನ ಮೇಲೆ ಕೂತು ಹೋದ ಜನ ಚರಿತ್ರೆಯಿಂದ ಇನ್ನೊಮ್ಮೆ ಇಳಿದುಹೋದಂತೆ.

ಮರದ ಮೈಯ ಬೋಗಿ, ಉಕ್ಕಿನ ಬೋಗಿ ಬೆರೆಯಬಹುದೇ? ಧಾರಾಳವಾಗಿ. ಹೊಸದು ಬಂತೆಂದು ರೈಲ್ವೆ ಹಳೆಯದನ್ನು ಮರುದಿನವೇ ಗುಜರಿಗೆ ಹಾಕಲಿಲ್ಲ. ಹಳತು ಉಳಿದಿರಬಹುದು, ಹೊಸತು ಮಾತ್ರ ಹುಟ್ಟುವ ಮೊದಲೇ ಬರಬಾರದು. ಈ ಸೂತ್ರಕ್ಕೂ ಒಂದು ಮಿತಿಯಿದೆ. ಮೈಸೂರಿನ ವಸ್ತುಸಂಗ್ರಹಾಲಯದಲ್ಲಿ 1899ರ ಮಹಾರಾಣಿ ಸಲೂನ್ ಇದೆ. ಅಡುಗೆಮನೆ ಸಮೇತದ ಆ ರಾಜವೈಭವವನ್ನು ನೋಡಿ ಮನಸೋತು ಮಾಮೂಲಿ ಪ್ಯಾಸೆಂಜರಿಗೆ ಕಟ್ಟಿದರೆ, ಹಳತು ಎಂಬ ನೆಪ ನಡೆಯದು.

ಅಳತೆಯದೂ ಒಂದು ತೊಡಕು. 87ರಲ್ಲಿ ಒಂದು ಪಾಲಿನ ಪ್ರಮಾಣದಲ್ಲಿ ಮೀಟರ್ ಗೇಜ್ ಸುಮಾರು 11.5 ಮಿಲಿಮೀಟರ್ ಆಗುತ್ತದೆ. 12 ಮಿಲಿಮೀಟರ್ ಹಳಿ ಹೊಂದುತ್ತದೆ. ಸಾಮಾನ್ಯವಾಗಿ ಮಾರುವ 16.5ರ ಹಳಿ ಯೂರೋಪಿನ 1,435 ಮಿಲಿಮೀಟರ್ ಮಾರ್ಗದ್ದು. ಸ್ವಿಟ್ಜರ್ಲೆಂಡಿನ ರೇಟಿಯನ್ ರೈಲ್ವೆಯೂ ಮೀಟರ್ ಗೇಜೇ, ಅದರ ಮಾದರಿ ಬೋಗಿಗಳು ಸಿಗುತ್ತವೆ. ಗಾಲಿ ಹೊಂದುತ್ತದೆ, ಮೈ ಹೊಂದದು. ಆಲ್ಪ್ಸ್ ಪರ್ವತದ ಬೋಗಿಗೆ ದಾವಣಗೆರೆಯ ಬಿಸಿಲೆಲ್ಲಿ ಗೊತ್ತು? ಕಿಟಕಿಗೆ ಷಟರು, ಸರಳು ಹಾಕಿ ಮೈಯನ್ನು ಕೈಯಾರೆ ಕಟ್ಟಿಕೊಳ್ಳುವುದೇ ಲೇಸು.

ಗೂಡ್ಸ್ ಗಾಡಿಯಾದರೆ ಕೆಲಸ ಕೊಂಚ ಹಗುರ. ದಾವಣಗೆರೆಯ ಹತ್ತಿಗೆ ಮುಚ್ಚಿದ ವ್ಯಾಗನ್ನು ಸಾಕು. ಆದರೆ ಕೊನೆಯಲ್ಲಿ ಗಾರ್ಡಿನ ಡಬ್ಬಿ, ಅದರ ಹಿಂದೆ ಕೆಂಪು ದೀಪ ಇರಲೇಬೇಕು. ದೀಪ ಕಾಣದಿದ್ದರೆ ಅರ್ಧ ಗಾಡಿ ದಾರಿಯಲ್ಲೇ ಕಳಚಿಕೊಂಡಿತೆಂದು ಸ್ಟೇಷನ್ ಮಾಸ್ತರರು ಗಾಬರಿಯಾಗುತ್ತಿದ್ದರು.